ಮೌಂಟ್ ಕುಕ್‌ನ ಹಿಮದಿಂದ ಮಾರ್ಲ್‌ಬರೋ ದ್ರಾಕ್ಷಿತೋಟದವರೆಗೆ: ಐದು ಜನ, ಒಂದು ಕ್ಯಾಂಪರ್‌ವ್ಯಾನ್

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು, ಕಾಫಿ ತೋಟ ಇದೆ. ನಾನು, ಹೆಂಡತಿ, ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು, ಎಪ್ಪತ್ತು ವರ್ಷದ ಅಮ್ಮ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತೆಗೆದುಕೊಂಡು, ಮೌಂಟ್ ಕುಕ್‌ನ ಹಿಮ ನೋಡಿ ಅಲ್ಲಿಂದ ಮಾರ್ಲ್‌ಬರೋ ವೈನ್ ಸೀಮೆಯವರೆಗೆ ಹೋಗಬೇಕೆಂಬ ಆಸೆ. ಕೈಯಲ್ಲಿ ಹದಿನಾಲ್ಕು ದಿನ ಇದೆ. ಹಿಮವನ್ನೂ ಮುಟ್ಟಬೇಕು, ದ್ರಾಕ್ಷಿ ಕುಯ್ಲನ್ನೂ ನೋಡಬೇಕು. ಚಾರ್ಮಾಡಿ, ಶಿರಾಡಿಯಲ್ಲಿ ಗಾಡಿ ಓಡಿಸಿ ಅಭ್ಯಾಸವಿದೆ, ಹಿಮದ ರಸ್ತೆ ಗೊತ್ತಿಲ್ಲ. ಯಾವ ತಿಂಗಳು ಹೋಗಬೇಕು, ಎಂಥ ವ್ಯಾನ್ ತೆಗೆದುಕೊಳ್ಳಬೇಕು, ಅಡುಗೆ-ನೀರು-ಶೌಚಾಲಯ ಹೇಗೆ, ವೈನ್ ರುಚಿ ನೋಡಿ ಗಾಡಿ ಓಡಿಸಬಹುದೇ? ವಿವರವಾಗಿ ತಿಳಿಸಿ.

ಉತ್ತರ: ಈ ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ನೋಡುವ ಜಾಗಗಳ ಪಟ್ಟಿ ಹಿಡಿದು ದಾರಿ ಬರೆಯುತ್ತಾರೆ. ಐದು ಜನ ವ್ಯಾನಿನಲ್ಲೇ ಮಲಗಿ, ಉಂಡು, ಸ್ನಾನ ಮಾಡುವಾಗ ದಾರಿಯನ್ನು ನಿರ್ಧರಿಸಬೇಕಾದ್ದು ವ್ಯಾನಿನ ನೀರಿನ ಟ್ಯಾಂಕು, ಶೌಚದ ಪೆಟ್ಟಿಗೆ ಮತ್ತು ಬ್ಯಾಟರಿ. ಎಲ್ಲಿ ನೀರು ತುಂಬುತ್ತೀರಿ, ಎಲ್ಲಿ ಖಾಲಿ ಮಾಡುತ್ತೀರಿ, ಎಲ್ಲಿ ಕರೆಂಟ್ ಸಿಗುತ್ತದೆ ಎಂಬುದನ್ನು ಮೊದಲು ಗುರುತು ಹಾಕಿಕೊಂಡು, ಆಮೇಲೆ ಪರ್ವತ, ಸರೋವರಗಳನ್ನು ಅದರ ನಡುವೆ ಕೂರಿಸಿ.

ಮೊದಲು ತಿಂಗಳ ಪ್ರಶ್ನೆ. ನಿಮ್ಮ ಎರಡು ಆಸೆಗಳು ಒಂದೇ ಕಾಲಕ್ಕೆ ಪೂರ್ತಿಯಾಗಿ ಕೂಡುವುದಿಲ್ಲ. ದಕ್ಷಿಣ ಗೋಳದಲ್ಲಿ ರಸ್ತೆಗಿಳಿಯುವ ಹಿಮ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ದ್ರಾಕ್ಷಿ ಕುಯ್ಲು ಮಾರ್ಚ್-ಏಪ್ರಿಲ್. ಸೆಪ್ಟೆಂಬರ್ ಕೊನೆಗೆ ಹೋದರೆ ಹಿಮ ಧಾರಾಳ, ಆದರೆ ಬಳ್ಳಿಯಲ್ಲಿ ಆಗತಾನೇ ಚಿಗುರು. ಮಾರ್ಚ್ ಕೊನೆಗೆ ಹೋದರೆ ಹಣ್ಣು ತುಂಬಿದ ತೋಟ, ಹಿಮ ಮಾತ್ರ ಶಿಖರದ ಮೇಲೆ ಮತ್ತು ಹಿಮನದಿಗಳಲ್ಲಿ. ಅಮ್ಮ ಮತ್ತು ಸಣ್ಣ ಮಕ್ಕಳು ಜೊತೆಗಿರುವಾಗ ಮಾರ್ಚ್ ಕೊನೆಯ ವಾರ ಹೊರಡುವುದೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ರೊಬಸ್ಟಾ ಕಾಫಿಯ ಕುಯ್ಲು ಅಷ್ಟರಲ್ಲಿ ಮುಗಿದಿರುತ್ತದೆ. ಕಾಫಿ ಹೂ ಬರಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿಸಲು ಮನೆಯಲ್ಲಿ ಒಬ್ಬರು ಇದ್ದರೆ ಸಾಕು. ಹಿಮ ಮುಟ್ಟುವ ಆಸೆಗೂ ದಾರಿಯಿದೆ: ಹವೆ ತಿಳಿಯಾಗಿರುವ ದಿನ ಮೌಂಟ್ ಕುಕ್ ಬಳಿಯ ಸಣ್ಣ ವಿಮಾನ ನಿಲ್ದಾಣದಿಂದ ಟಾಸ್ಮನ್ ಹಿಮನದಿಯ ಮೇಲೆ ಇಳಿಸುವ ಸ್ಕೀ ವಿಮಾನ, ಹೆಲಿಕಾಪ್ಟರ್‌ಗಳು ಹೊರಡುತ್ತವೆ. ಮೋಡ ಕವಿದರೆ, ಗಾಳಿ ಎದ್ದರೆ ಹಾರಾಟ ರದ್ದು. ಅದಕ್ಕಾಗಿಯೇ ಅಲ್ಲಿ ಒಂದು ರಾತ್ರಿ ಸಾಲದು, ಎರಡು ಬೇಕು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮಲೆನಾಡಿನವರಿಗೆ ಇದು ಅಚ್ಚರಿ ಎನಿಸುತ್ತದೆ. ಮೌಂಟ್ ಕುಕ್ ಶಿಖರ 3,724 ಮೀಟರ್ ಇದ್ದರೂ, ಅದರ ಬುಡದ ಹಳ್ಳಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ದಾಟಿದೆ. ನೀವು ಹಾದುಹೋಗುವ ಲಿಂಡಿಸ್ ಪಾಸ್ (ಪಾಸ್ ಎಂದರೆ ಬೆಟ್ಟ ದಾಟುವ ಕಣಿವೆ ದಾರಿ) 971 ಮೀಟರ್, ಹಾಸ್ಟ್ ಪಾಸ್ ಅದಕ್ಕಿಂತ ನಾನೂರು ಮೀಟರ್ ತಗ್ಗು. ಅಲ್ಲಿನ ಚಳಿ ಎತ್ತರದಿಂದ ಬಂದದ್ದಲ್ಲ, ಅಕ್ಷಾಂಶದಿಂದ ಬಂದದ್ದು. ಆ ಸೀಮೆ 43-45 ಡಿಗ್ರಿ ದಕ್ಷಿಣದಲ್ಲಿದೆ, ದಕ್ಷಿಣ ಧ್ರುವದ ಕಡೆಯಿಂದ ಬೀಸುವ ಗಾಳಿಗೆ ಅಡ್ಡ ಏನೂ ಇಲ್ಲ. ಹಾಗಾಗಿ ಅಮ್ಮನಿಗೆ ಉಸಿರಾಟದ ತೊಂದರೆ ಆದೀತೆಂಬ ಅಂಜಿಕೆ ಬೇಡ. ಬೆಚ್ಚಗಿನ ಬಟ್ಟೆ ಮತ್ತು ಗಾಳಿ ತಡೆಯುವ ಜಾಕೆಟ್ಟಿಗೆ ಮಾತ್ರ ಕಂಜೂಸಿ ಮಾಡಬೇಡಿ. ಏಪ್ರಿಲ್ ಮೊದಲ ವಾರದಲ್ಲೂ ದಾರಿಯಲ್ಲಿ ಸಿಗುವ ಟೆಕಾಪೊ ಊರಿನ ಸುತ್ತಮುತ್ತ ಕೆಲವು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ.

ವ್ಯಾನ್

ಐದು ಜನರಿಗೆ ಆರು ಬರ್ತಿನ ವ್ಯಾನೇ ಬೇಕು. ಕಾರಣ ಹಾಸಿಗೆಗಿಂತ ಹೆಚ್ಚಾಗಿ ಸೀಟ್ ಬೆಲ್ಟ್. ಓಡುವಾಗ ಪ್ರತಿಯೊಬ್ಬರೂ ಬೆಲ್ಟ್ ಇರುವ ಸೀಟಿನಲ್ಲೇ ಕೂರಬೇಕು. ಹಿಂದಿನ ಹಾಸಿಗೆಯಲ್ಲಿ ಅಮ್ಮ ಮಲಗಿಕೊಂಡು ಬರುವಂತಿಲ್ಲ. ಏಳು ವರ್ಷ ತುಂಬದ ಮಗುವಿಗೆ ಮಕ್ಕಳ ಸೀಟು ಕಾನೂನಿನ ಪ್ರಕಾರ ಕಡ್ಡಾಯ, ಆರು ವರ್ಷದವರಿಗೆ ಬೂಸ್ಟರ್ ಸೀಟನ್ನು ಬುಕ್ ಮಾಡುವಾಗಲೇ ಕೇಳಿ. ಕೆಲವು ವ್ಯಾನುಗಳಲ್ಲಿ ಮಕ್ಕಳ ಸೀಟು ಬಿಗಿಯುವ ಕೊಂಡಿ ಒಂದೋ ಎರಡೋ ಸೀಟಿಗೆ ಮಾತ್ರ ಇರುತ್ತದೆ. ಅಮ್ಮನಿಗೆ ಮೇಲಿನ ಬರ್ತ್ ಬೇಡ. ಏಣಿ ಕಡಿದಾಗಿರುತ್ತದೆ, ರಾತ್ರಿ ಎದ್ದು ಇಳಿಯುವಾಗ ಜಾರುವುದು ಅಲ್ಲೇ. ಹಿಂಭಾಗದ ಬೆಂಚುಗಳನ್ನು ಹಾಸಿಗೆ ಮಾಡಿ ಒಮ್ಮೆ ಹಾಸಿದ್ದನ್ನು ಪೂರ್ತಿ ಪ್ರವಾಸ ಹಾಗೇ ಬಿಡಬಹುದಾದ ನಮೂನೆಯ ವ್ಯಾನ್ ಆರಿಸಿ. ದಿನಾ ರಾತ್ರಿ ಮೇಜು ಕಳಚಿ ಹಾಸಿಗೆ ಕಟ್ಟುವ ಕೆಲಸ ಮೂರನೇ ದಿನಕ್ಕೆ ಬೇಸರ ಹಿಡಿಸುತ್ತದೆ.

ನ್ಯೂಜಿಲೆಂಡಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿನಲ್ಲೇ 6,000 ಕೆ.ಜಿ.ವರೆಗಿನ ವಾಹನ ಓಡಿಸಬಹುದು. ನಿಮ್ಮ ಸ್ಮಾರ್ಟ್ ಕಾರ್ಡ್ ಲೈಸೆನ್ಸಿನಲ್ಲಿ ಇಂಗ್ಲಿಷ್ ಇರುವುದರಿಂದ ಕಾನೂನಿಗೆ ಅದೇ ಸಾಕು. ಆದರೂ ಚಿಕ್ಕಮಗಳೂರು ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ: ಫಾರಂ 4ಎ, ವೈದ್ಯರ ಪ್ರಮಾಣಪತ್ರ, ಪಾಸ್‌ಪೋರ್ಟ್ ಪ್ರತಿ, ಶುಲ್ಕ ಸಾವಿರ ರೂಪಾಯಿ, ಒಂದು ವರ್ಷದ ಅವಧಿ. ಬಾಡಿಗೆ ಕೌಂಟರಿನಲ್ಲಿ, ಪೊಲೀಸರ ತಪಾಸಣೆಯಲ್ಲಿ ವಿವರಣೆ ಕೊಡುವ ಕೆಲಸ ಉಳಿಯುತ್ತದೆ. ನಿಮ್ಮ ಹೆಂಡತಿಯೂ ಓಡಿಸುವುದಾದರೆ ಇಬ್ಬರ ಹೆಸರನ್ನೂ ಕರಾರಿನಲ್ಲಿ ಸೇರಿಸಿ. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಪೂರ್ತಿ ರದ್ದು.

ವಿಮೆಯ ಕಾಗದವನ್ನು ಸಹಿ ಹಾಕುವ ಮೊದಲು ಓದಿ. "ಪೂರ್ತಿ ರಕ್ಷಣೆ" ತೆಗೆದುಕೊಂಡವರಿಗೂ ಸಾಮಾನ್ಯವಾಗಿ ಸಿಗದಿರುವುದು ಇವು: ಛಾವಣಿ ಎಲ್ಲಾದರೂ ತಗುಲಿ ಆದ ಹಾನಿ, ಗಾಡಿಯ ತಳಕ್ಕೆ ಆದ ಹಾನಿ, ಜಲ್ಲಿ ರಸ್ತೆಯಲ್ಲಿ ಆದದ್ದು, ಟ್ಯಾಂಕಿಗೆ ತಪ್ಪು ಇಂಧನ ಹಾಕಿ ಆದದ್ದು. ಈ ವ್ಯಾನು ಮೂರು ಮೀಟರಿಗಿಂತ ಎತ್ತರ. ಎಷ್ಟೆಂದು ಕೇಳಿ, ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ. ಪೆಟ್ರೋಲ್ ಬಂಕಿನ ಮಾಡು, ಅಂಗಡಿ ಮುಂದಿನ ಚಪ್ಪರ, ಬಾಗಿದ ಮರದ ಕೊಂಬೆ, ಇವೇ ಛಾವಣಿ ಸೀಳುವುದು. ಇಂಧನದ ವಿಷಯದಲ್ಲಿ ಇನ್ನೊಂದು ಎಚ್ಚರ: ವ್ಯಾನಿನ ಮೈಮೇಲೆ ಮುಚ್ಚಳಗಳು ಎರಡು ಮೂರಿರುತ್ತವೆ. ಡೀಸೆಲ್ಲಿಗೊಂದು, ಕುಡಿಯುವ ನೀರಿಗೊಂದು, ಕೆಲವು ಮಾದರಿಗಳಲ್ಲಿ ಡೀಸೆಲ್ ಹೊಗೆ ಶುದ್ಧಮಾಡುವ ಆಡ್‌ಬ್ಲೂ ದ್ರವಕ್ಕೊಂದು. ನೀರಿನ ಪೈಪನ್ನು ಡೀಸೆಲ್ ಟ್ಯಾಂಕಿಗೆ ಇಡುವ ತಪ್ಪು ಕತ್ತಲಾದ ಮೇಲೆ ಅವಸರದಲ್ಲಿ ನಡೆಯುತ್ತದೆ, ಅದರ ಪೂರ್ತಿ ಖರ್ಚು ನಿಮ್ಮದೇ. ನೀರು ತುಂಬುವ ಕೆಲಸವನ್ನು ಬೆಳಕಿರುವಾಗಲೇ ಮುಗಿಸಿ, ಯಾವಾಗಲೂ ಒಬ್ಬರೇ ಮಾಡಿ.

ಬಾಡಿಗೆಯ ಮೇಲೆ ಬರುವ ಒಂದು ಖರ್ಚು ನಮ್ಮವರ ಲೆಕ್ಕದಲ್ಲಿ ಸೇರಿರುವುದಿಲ್ಲ. ಅಲ್ಲಿ ಡೀಸೆಲ್ ಮೇಲೆ ರಸ್ತೆ ತೆರಿಗೆ ಇಲ್ಲ, ಓಡಿದ ಕಿಲೋಮೀಟರಿಗೆ ಪ್ರತ್ಯೇಕ ಶುಲ್ಕ. 3,500 ಕೆ.ಜಿ. ಒಳಗಿನ ಡೀಸೆಲ್ ವಾಹನಕ್ಕೆ 2024ರ ದರ 1,000 ಕಿ.ಮೀ.ಗೆ 76 ನ್ಯೂಜಿಲೆಂಡ್ ಡಾಲರ್. ಬಾಡಿಗೆಯವರು ಅದಕ್ಕೆ ತಮ್ಮದನ್ನೂ ಸೇರಿಸಿ ವ್ಯಾನ್ ಹಿಂತಿರುಗಿಸುವಾಗ ವಸೂಲಿ ಮಾಡುತ್ತಾರೆ. ಡೀಸೆಲ್ಲಿಗೆ 100 ಕಿ.ಮೀ.ಗೆ 13 ಲೀಟರ್ ಹಿಡಿಯಿರಿ.

ನೀರು, ಶೌಚ, ಚಳಿ, ಒಗ್ಗರಣೆ

ನಮ್ಮ ಕುಟುಂಬಗಳಿಗೆ ತೊಡಕಾಗುವುದು ಇಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶೌಚಾಲಯದ ಕೆಳಗೆ 18-20 ಲೀಟರಿನ ಒಂದು ಪೆಟ್ಟಿಗೆ, ಕ್ಯಾಸೆಟ್, ಇರುತ್ತದೆ. ಕಾಗದ ಬಳಸುವ ಲೆಕ್ಕದಲ್ಲಿ ಮಾಡಿದ್ದು ಅದು. ನಾವು ಚೊಂಬು ಬಳಸುವವರು. ಒಂದು ಸಲಕ್ಕೆ ಅರ್ಧ ಲೀಟರ್ ಎಂದು ಹಿಡಿದರೂ, ಫ್ಲಶ್ಶಿನ ನೀರೂ ಸೇರಿ ಐದು ಜನರಿಗೆ ಒಂದೇ ದಿನದಲ್ಲಿ ಪೆಟ್ಟಿಗೆ ಭರ್ತಿ. ಆದ್ದರಿಂದ ಹಗಲು ಮತ್ತು ಬೆಳಗ್ಗೆ ಹಾಲಿಡೇ ಪಾರ್ಕಿನ (ಹಣ ಕೊಟ್ಟು ವ್ಯಾನ್ ನಿಲ್ಲಿಸಿ ತಂಗುವ ಶಿಬಿರ) ಶೌಚಾಲಯ, ವ್ಯಾನಿನದು ರಾತ್ರಿ ಹೊತ್ತಿಗೆ ಅಮ್ಮನಿಗೂ ಮಕ್ಕಳಿಗೂ ಮಾತ್ರ ಎಂದು ಮನೆಯವರೆಲ್ಲ ಒಪ್ಪಿಕೊಂಡು ಹೊರಡಿ. ಆಗ ಎರಡು ದಿನಕ್ಕೊಮ್ಮೆ ಖಾಲಿ ಮಾಡಿದರೆ ನಡೆಯುತ್ತದೆ.

ಖಾಲಿ ಮಾಡುವುದು ಕೊಳೆ ಸುರಿಯಲೆಂದೇ ಮಾಡಿದ ಜಾಗದಲ್ಲಿ, ಡಂಪ್ ಸ್ಟೇಷನ್ನಿನಲ್ಲಿ, ಮಾತ್ರ. ಮೊದಲು ಒಳಗಿನ ತಟ್ಟೆಯಾಕಾರದ ಬಾಗಿಲು ಪೂರ್ತಿ ಮುಚ್ಚಿದೆಯೇ ನೋಡಿ. ಅರೆತೆರೆದಿದ್ದರೆ ಪೆಟ್ಟಿಗೆ ಹೊರಗೆ ಬರುವುದಿಲ್ಲ, ಎಳೆದರೆ ಬಾಗಿಲೇ ಮುರಿಯುತ್ತದೆ. ಕೈಗವಸು ಹಾಕಿ ಹೊರಗಿನಿಂದ ಎಳೆದು, ಸುರಿಯುವಾಗ ಗಾಳಿ ಬಿಡುವ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಿರಿ. ಒತ್ತದಿದ್ದರೆ ದಡಬಡ ಎಂದು ಸಿಡಿಯುತ್ತದೆ. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಆಮೇಲೆ ಎರಡು ಲೀಟರ್ ನೀರು ಮತ್ತು ಅವರು ಕೊಟ್ಟ ರಾಸಾಯನಿಕ ಹಾಕಿ ವಾಪಸ್ ಕೂರಿಸಿ. ಪಾತ್ರೆ ತೊಳೆದ, ಸ್ನಾನದ ನೀರು ಬೇರೆ ಟ್ಯಾಂಕಿನಲ್ಲಿ ಸೇರುತ್ತದೆ. ಅದನ್ನೂ ಇಲ್ಲೇ ಬಿಡಬೇಕು, ದಾರಿ ಬದಿಯ ಚರಂಡಿಗಲ್ಲ. ಕುಡಿಯುವ ನೀರಿನ ನಲ್ಲಿಯೂ ಕೊಳೆ ತೊಳೆಯುವ ನಲ್ಲಿಯೂ ಅಕ್ಕಪಕ್ಕವೇ ಇರುತ್ತವೆ, ಫಲಕ ಓದಿ ಪೈಪು ಹಚ್ಚಿ.

ರಸ್ತೆ ಬದಿಯಲ್ಲಿ ಎಲ್ಲೆಂದರಲ್ಲಿ ರಾತ್ರಿ ತಂಗಬಹುದು ಎಂದು ಹಳೆಯ ಪ್ರವಾಸ ಲೇಖನಗಳಲ್ಲಿ ಓದಿರಬಹುದು. 2023ರ ಕಾನೂನಿನ ನಂತರ ಒಳಗೇ ಜೋಡಿಸಿದ ಶೌಚಾಲಯವಿದ್ದು, ಹಸಿರು ಪ್ರಮಾಣಪತ್ರದ ಚೀಟಿ ಗಾಜಿಗೆ ಅಂಟಿಸಿರುವ ವಾಹನಕ್ಕೆ ಮಾತ್ರ ಹಾಗೆ ತಂಗಲು ಅವಕಾಶ, ಅದೂ ಸ್ಥಳೀಯ ಆಡಳಿತ ಬಿಟ್ಟುಕೊಟ್ಟ ಜಾಗಗಳಲ್ಲಿ. ತಪ್ಪಿದರೆ ದಂಡ ನೂರಾರು ಡಾಲರ್. ನಿಮ್ಮ ಕುಟುಂಬಕ್ಕೆ ಹಾಲಿಡೇ ಪಾರ್ಕೇ ಸರಿ: ಬಿಸಿನೀರಿನ ಸ್ನಾನ, ದೊಡ್ಡ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ, ಕರೆಂಟ್.

ಕರೆಂಟಿನ ಲೆಕ್ಕ ಹೀಗೆ. ವ್ಯಾನಿನ ಮನೆಬಳಕೆಯ ಬ್ಯಾಟರಿ 100 ಆಂಪಿಯರ್-ಅವರ್ ಎಂದಿಟ್ಟುಕೊಳ್ಳಿ. ಸೀಸದ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ 50. ಫ್ರಿಜ್ ದಿನಕ್ಕೆ 30-40 ತಿನ್ನುತ್ತದೆ. ಡೀಸೆಲ್ ಹೀಟರಿನ ಫ್ಯಾನ್ ರಾತ್ರಿಯಿಡೀ ಓಡಿದರೆ ಇನ್ನೊಂದು 10-15. ಅಲ್ಲಿಗೆ ಮುಗಿಯಿತು. ಇನ್ವರ್ಟರ್‌ಗೆ ಮಿಕ್ಸಿ ಹಚ್ಚಿದರೆ 500 ವ್ಯಾಟ್ ಎಂದರೂ ಬ್ಯಾಟರಿಯಿಂದ 45 ಆಂಪಿಯರ್ ಎಳೆಯುತ್ತದೆ, ಚಳಿಯಲ್ಲಿ ಕುಗ್ಗಿದ ಬ್ಯಾಟರಿ ಕೈಬಿಡುತ್ತದೆ, ಬೆಳಗಿನ ಜಾವ ಮೂರಕ್ಕೆ ಹೀಟರ್ ನಿಂತುಹೋಗುತ್ತದೆ. ಚಟ್ನಿ ಪುಡಿ ಮನೆಯಿಂದಲೇ ಒಯ್ಯಿರಿ, ಮಿಕ್ಸಿ ಬೇಡ. ಹೊರಗಿನ ಕೇಬಲ್ ಹಚ್ಚಿದ ರಾತ್ರಿ ಚಿಂತೆ ಇಲ್ಲ. ನಮ್ಮಂತೆಯೇ 230 ವೋಲ್ಟ್, ಆದರೆ ಪಿನ್ ಓರೆಯಾಗಿರುವುದರಿಂದ ಅಡಾಪ್ಟರ್ ಬೇಕು. ಬೆಳಗ್ಗೆ ಹೊರಡುವ ಮುನ್ನ ಕೇಬಲ್ ಕಳಚಿ ಒಳಗಿಟ್ಟದ್ದನ್ನು ಇಬ್ಬರು ನೋಡಿರಬೇಕು.

ಮಲಗುವಾಗ ಗ್ಯಾಸ್ ಒಲೆ ಹಚ್ಚಿಟ್ಟು ಬಿಸಿ ಮಾಡಿಕೊಳ್ಳುವ ಕೆಲಸ ಖಂಡಿತ ಬೇಡ. ಒಲೆಯ ಉರಿ ವ್ಯಾನಿನೊಳಗಿನ ಆಮ್ಲಜನಕ ತಿಂದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಡೀಸೆಲ್ ಹೀಟರ್ ಹೊಗೆಯನ್ನು ಹೊರಗೆ ಬಿಡುವುದರಿಂದ ಅದನ್ನೇ ಬಳಸಿ. ಛಾವಣಿಯ ಕಿಂಡಿಯನ್ನು ಎರಡು ಬೆರಳಷ್ಟು ತೆರೆದಿಡಿ. ಐದು ಜನರ ಉಸಿರಿನ ತೇವ ರಾತ್ರಿಗೆ ಒಂದು ಲೀಟರ್ ದಾಟುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಗಾಜು, ಗೋಡೆಯಿಂದ ಇಳಿದು ಹಾಸಿಗೆ ನೆನೆಸುತ್ತದೆ. ಕೆಲವು ವ್ಯಾನುಗಳ ನೀರು ಕಾಯಿಸುವ ಹೀಟರಿನಲ್ಲಿ ಒಂದು ಸುರಕ್ಷಾ ವಾಲ್ವ್ ಇರುತ್ತದೆ. ಸುತ್ತಲ ಉಷ್ಣತೆ ಮೂರು ಡಿಗ್ರಿಯ ಸುಮಾರಿಗೆ ಇಳಿದಾಗ ಪೈಪು ಒಡೆಯದಿರಲೆಂದು ಅದು ನೀರನ್ನು ತಾನಾಗಿ ಕೆಳಗೆ ಚೆಲ್ಲುತ್ತದೆ. ಬೆಳಗ್ಗೆ ವ್ಯಾನಿನಡಿ ಒದ್ದೆ ನೋಡಿ ಸೋರಿಕೆ ಎಂದು ಗಾಬರಿಯಾಗಬೇಡಿ. ಒಳಗೆ ಬೆಚ್ಚಗಾದ ಮೇಲೆ ವಾಲ್ವ್ ಒತ್ತಿ ಮುಚ್ಚಿ, ಆಮೇಲೆ ಪಂಪ್ ಹಾಕಿ.

ಅಡುಗೆಗೆ ಪ್ರೆಷರ್ ಕುಕ್ಕರ್ ಒಯ್ಯುವುದು ಒಳ್ಳೆಯದು, ಹಬೆ ಕಡಿಮೆ, ಗ್ಯಾಸೂ ಕಡಿಮೆ. ಒಗ್ಗರಣೆ ಹಾಕುವಾಗ ಕಿಂಡಿ ಪೂರ್ತಿ ತೆರೆದು ಫ್ಯಾನ್ ಹಾಕಿ. ಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಕಿರುಚುತ್ತದೆ, ವ್ಯಾನಿನ ಬಟ್ಟೆಗೆ ಹಿಡಿದ ವಾಸನೆ ಹೋಗದಿದ್ದರೆ ಶುಚಿಗೊಳಿಸುವ ಶುಲ್ಕವನ್ನೂ ಕೇಳುತ್ತಾರೆ. ಹೊರಗೆ ಇಟ್ಟು ಬಳಸುವ ಸಣ್ಣ ಡಬ್ಬಿ ಗ್ಯಾಸಿನ ಒಲೆ ಕೊಟ್ಟಿದ್ದರೆ ಒಂದು ವಿಷಯ ತಿಳಿದಿರಲಿ: ಆ ಡಬ್ಬಿಯಲ್ಲಿರುವುದು ಬಹುಪಾಲು ಬ್ಯೂಟೇನ್. ಅದು ಸೊನ್ನೆ ಡಿಗ್ರಿಯ ಸುತ್ತ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಡಬ್ಬಿ ತುಂಬಿದ್ದರೂ ಚಳಿ ಬೆಳಗ್ಗೆ ಉರಿ ಬರುವುದಿಲ್ಲ. ರಾತ್ರಿ ಡಬ್ಬಿಯನ್ನು ಒಲೆಯಿಂದ ಕಳಚಿ ಬೆಚ್ಚಗಿನ ಜಾಗದಲ್ಲಿಡಿ. ಕಾಯಿಸಲು ಮಾತ್ರ ಹೋಗಬೇಡಿ.

ದಾರಿ

ಬೆಂಗಳೂರಿನಿಂದ ಸಿಂಗಪುರದ ಮೂಲಕ ಕ್ರೈಸ್ಟ್‌ಚರ್ಚ್ ಸೇರಿದ ದಿನ ವ್ಯಾನ್ ಮುಟ್ಟಬೇಡಿ, ಹೋಟೆಲಿನಲ್ಲಿ ಮಲಗಿ. ಮರುದಿನ ವ್ಯಾನ್ ಪಡೆದು ಟೆಕಾಪೊಗೆ 225 ಕಿ.ಮೀ., ಒಂದು ರಾತ್ರಿ. ಅಲ್ಲಿಂದ ಪುಕಾಕಿ ಸರೋವರದ ದಡದಲ್ಲಿ ಮೌಂಟ್ ಕುಕ್‌ಗೆ 105 ಕಿ.ಮೀ. ಹಳ್ಳಿಯ ಪಕ್ಕದ ವೈಟ್ ಹಾರ್ಸ್ ಹಿಲ್ ಶಿಬಿರದಲ್ಲಿ ಕರೆಂಟಿಲ್ಲ. ಎರಡು ರಾತ್ರಿ ನಿಲ್ಲುವ ನಿಮಗೆ ಅದಕ್ಕಿಂತ ಸ್ವಲ್ಪ ಹಿಂದೆ ಇರುವ ಗ್ಲೆಂಟ್ಯಾನರ್ ಹಾಲಿಡೇ ಪಾರ್ಕ್ ಒಳ್ಳೆಯದು. ಕಿಯಾ ಪಾಯಿಂಟ್ ಕಾಲುದಾರಿ ಹೋಗಿಬರಲು ಸುಮಾರು ಒಂದು ಗಂಟೆ, ಅಮ್ಮ ನಿಧಾನವಾಗಿ ನಡೆಯಬಲ್ಲರು. ಕಿಯಾ ಎಂಬ ಹಸಿರು ಗಿಳಿ ಗಾಡಿಯ ಕಿಟಕಿ ರಬ್ಬರನ್ನು ಕಿತ್ತು ತಿನ್ನುವುದರಲ್ಲಿ ನಿಸ್ಸೀಮ. ಅದಕ್ಕೆ ಏನೂ ಹಾಕಬೇಡಿ.

ಮುಂದಿನದು ಲಿಂಡಿಸ್ ಪಾಸ್ ದಾಟಿ ಕ್ರಾಮ್‌ವೆಲ್, ಸುಮಾರು 205 ಕಿ.ಮೀ., ಎರಡು ರಾತ್ರಿ. ಇದೇ ದಾರಿಯ ಮೊದಲ ವೈನ್ ಸೀಮೆ, ಸೆಂಟ್ರಲ್ ಒಟಾಗೊ. ಕ್ವೀನ್ಸ್‌ಟೌನ್‌ನಿಂದ ವಾನಾಕಾಗೆ ಹೋಗುವ ಕ್ರೌನ್ ರೇಂಜ್ ರಸ್ತೆ ಸಾವಿರ ಮೀಟರಿಗೂ ಮೀರಿದ ಎತ್ತರಕ್ಕೆ ಏರಿ ಇಳಿಯುತ್ತದೆ. ಆರು ಬರ್ತಿನ ವ್ಯಾನಿಗೆ ಅದು ಬೇಡ, ಡನ್‌ಸ್ಟನ್ ಸರೋವರದ ಪಕ್ಕದ ಹೆದ್ದಾರಿ ಹಿಡಿಯಿರಿ. ಕ್ರಾಮ್‌ವೆಲ್‌ನಿಂದ ವಾನಾಕಾ ಮೇಲೆ ಹಾಸ್ಟ್‌ಗೆ 195 ಕಿ.ಮೀ., ಒಂದು ರಾತ್ರಿ. ಹಾಸ್ಟ್‌ನಿಂದ ಫ್ರಾಂಜ್ ಜೋಸೆಫ್ 143 ಕಿ.ಮೀ., ಒಂದು ರಾತ್ರಿ. ಈ ಪಶ್ಚಿಮ ಕರಾವಳಿ ಅಲ್ಲಿನ ಆಗುಂಬೆ. ಕೆಲವೆಡೆ ವರ್ಷಕ್ಕೆ ಐದು ಮೀಟರಿಗೂ ಮೀರಿ ಮಳೆ. 2019ರ ಮಾರ್ಚ್‌ನಲ್ಲಿ ಫ್ರಾಂಜ್ ಜೋಸೆಫ್ ಬಳಿಯ ವೈಹೊ ಸೇತುವೆಯೇ ಹೊಳೆಯಲ್ಲಿ ಕೊಚ್ಚಿಹೋಗಿತ್ತು. ಭಾರಿ ಮಳೆಯ ಎಚ್ಚರಿಕೆ ಇದ್ದರೆ ವಾನಾಕಾದಲ್ಲೇ ಒಂದು ದಿನ ನಿಲ್ಲಿ, ಮುಂದೆ ಹೋಗಿ ನಡುವೆ ಸಿಕ್ಕಿಕೊಂಡರೆ ಬಳಸು ದಾರಿ ಇಲ್ಲ. ವಾನಾಕಾದಲ್ಲಿ ಡೀಸೆಲ್ ಭರ್ತಿ ಮಾಡಿಕೊಳ್ಳಿ. ಸ್ಯಾಂಡ್‌ಫ್ಲೈ ಎಂಬ ಸಣ್ಣ ನೊಣ ಕಚ್ಚಿದರೆ ಮಕ್ಕಳಿಗೆ ವಾರಗಟ್ಟಲೆ ತುರಿಕೆ, ಕಾಲು ಮುಚ್ಚುವ ಬಟ್ಟೆ ಹಾಕಿಸಿ.

ಫ್ರಾಂಜ್ ಜೋಸೆಫ್‌ನಿಂದ ರೀಫ್ಟನ್ 255 ಕಿ.ಮೀ., ಇದೇ ಉದ್ದದ ದಿನ. ಅಲ್ಲಿಂದ ಮರ್ಚಿಸನ್, ಸೇಂಟ್ ಆರ್ನೊ ಮೂಲಕ ವೈರಾವು ಕಣಿವೆ ಇಳಿದು ಮಾರ್ಲ್‌ಬರೋ ಸೀಮೆಯ ರೆನ್ವಿಕ್, 235 ಕಿ.ಮೀ., ಎರಡು ರಾತ್ರಿ. ಆಮೇಲೆ ಕೈಕೋರಾ ಒಂದು ರಾತ್ರಿ, ಕೊನೆಗೆ ಕ್ರೈಸ್ಟ್‌ಚರ್ಚ್. ಒಟ್ಟು 1,700 ಕಿ.ಮೀ. ಆಸುಪಾಸು. ಮೊಬೈಲಿನ ನಕಾಶೆ ತೋರಿಸುವ ಸಮಯಕ್ಕೆ ಮೂರನೇ ಒಂದು ಪಾಲು ಸೇರಿಸಿ. ಅದು ಕಾರಿನ ಲೆಕ್ಕ. 3,500 ಕೆ.ಜಿ. ಮೀರಿದ ವ್ಯಾನಿಗೆ ಹೆದ್ದಾರಿಯಲ್ಲೂ 90 ಕಿ.ಮೀ. ಮಿತಿ. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಆಮೇಲೆ ಸಂಜೆ ಬೇಗ ಕತ್ತಲಾಗುತ್ತದೆ. ಈಸ್ಟರ್ ಯಾವಾಗ ಎಂದು ನೋಡಿಕೊಂಡು ಆ ನಾಲ್ಕು ದಿನಕ್ಕೆ ಜಾಗ ಮೊದಲೇ ಕಾದಿರಿಸಿ.

ಓಡಿಸುವುದು

ರಸ್ತೆಯ ಎಡಬದಿ, ಬಲಬದಿಯ ಸ್ಟೀರಿಂಗ್, ಎಲ್ಲ ನಮ್ಮಂತೆಯೇ. ಘಾಟಿ ಓಡಿಸಿದ ಕೈಗೆ ತಿರುವು ಹೊಸದಲ್ಲ, ತೂಕ ಹೊಸದು. ಹಾಸ್ಟ್ ಪಾಸ್‌ನಿಂದ ಪಶ್ಚಿಮಕ್ಕೆ ಇಳಿಯುವಾಗ ಕಾಫಿ ಮೂಟೆ ಹೇರಿದ ಪಿಕಪ್ಪನ್ನು ಚಾರ್ಮಾಡಿಯಲ್ಲಿ ಇಳಿಸುವ ಹಾಗೆ ಇಳಿಸಿ: ಇಳಿಜಾರು ಶುರುವಾಗುವ ಮೊದಲೇ ಗೇರ್ ಕೆಳಗೆ. ಆಟೊಮ್ಯಾಟಿಕ್ ವ್ಯಾನಿನಲ್ಲಿ ಡಿ ಹಾಕಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದು ಅಭ್ಯಾಸ ತಪ್ಪಿದವರು ಮಾಡುವ ತಪ್ಪು. ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಗೇರನ್ನು ಕೈಯಿಂದ ಬದಲಿಸುವ ಸ್ಥಿತಿಗೆ ಹಾಕಿ ಎರಡು ಅಥವಾ ಮೂರರಲ್ಲಿ ಇಳಿಸಿ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಳಸಿ.

ಒಂದೇ ಗಾಡಿ ಹೋಗುವ ಸೇತುವೆಗಳು ಪಶ್ಚಿಮ ಕರಾವಳಿಯಲ್ಲಿ ಬಹಳ. ಫಲಕದಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನೀವು ನಿಂತು ಎದುರಿನವರಿಗೆ ದಾರಿ ಕೊಡಬೇಕು. ಲೈಟ್ ಮಿಟುಕಿಸಿ ನುಗ್ಗುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಹಿಂದೆ ನಾಲ್ಕು ಕಾರು ಸೇರಿದರೆ ಜಾಗ ನೋಡಿ ಎಡಕ್ಕೆ ಸರಿದು ಬಿಡಿ. ಗಾಳಿಯನ್ನು ಹಗುರವಾಗಿ ಎಣಿಸಬೇಡಿ: ಕ್ಯಾಂಟರ್‌ಬರಿ ಬಯಲು ಮತ್ತು ಟೆಕಾಪೊ ಸೀಮೆಯಲ್ಲಿ ವಾಯವ್ಯದ ಗಾಳಿ ಎದ್ದರೆ ಎತ್ತರದ ವ್ಯಾನ್ ಬದಿಗೆ ತಳ್ಳಿಸಿಕೊಳ್ಳುತ್ತದೆ. ನಿಂತಿರುವಾಗಲೂ ಬಾಗಿಲನ್ನು ಕೈಯಲ್ಲಿ ಹಿಡಿದೇ ತೆರೆಯಿರಿ, ಗಾಳಿ ಕಿತ್ತುಕೊಂಡರೆ ಬಾಗಿಲಿನ ಕೀಲು ಬಾಗುತ್ತದೆ.

ಹಿಮದ ಮಾತು. ಏಪ್ರಿಲ್ ಆರಂಭದಲ್ಲಿ ರಸ್ತೆಯ ಮೇಲೆ ಹಿಮ ಅಪರೂಪ, ಆದರೆ ದಕ್ಷಿಣದಿಂದ ಚಳಿಯ ಮಾರುತ ಬಂದರೆ ಲಿಂಡಿಸ್‌ನಲ್ಲಿ ಬೀಳಬಹುದು. ಹಾಗಾದ ದಿನ ನಿಲ್ಲುವುದೇ ಉತ್ತಮ, ಸಾಮಾನ್ಯವಾಗಿ ಮರುದಿನಕ್ಕೆ ರಸ್ತೆ ತೆರವಾಗಿರುತ್ತದೆ. ಬಿಳಿ ಹಿಮ ಕಾಣುತ್ತದೆ, ಹಾಗಾಗಿ ಎಲ್ಲರೂ ಹುಷಾರಾಗಿರುತ್ತಾರೆ. ಕಾಣದಿರುವುದು ಡಾಂಬರಿನ ಮೇಲಿನ ತೆಳು ಮಂಜುಗಡ್ಡೆ. ಅದು ಕೂರುವುದು ಬೆಟ್ಟದ ನೆರಳಿನ ತಿರುವಿನಲ್ಲಿ ಮತ್ತು ಕೆಳಗಿನಿಂದಲೂ ಗಾಳಿ ತಾಗಿ ಬೇಗ ತಣ್ಣಗಾಗುವ ಸೇತುವೆಗಳ ಮೇಲೆ. ಬೆಳಗ್ಗೆ ಹತ್ತರ ನಂತರ ಹೊರಟರೆ ಅರ್ಧ ಅಪಾಯ ತಪ್ಪಿದ ಹಾಗೆ. ಜಾರಿದರೆ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟು ಹೋಗಬೇಕಾದ ಕಡೆಗೆ ಸ್ಟೀರಿಂಗ್ ನೇರ ಹಿಡಿಯಿರಿ.

ಮನಸ್ಸು ಬದಲಿಸಿ ಸೆಪ್ಟೆಂಬರಿನಲ್ಲೇ ಹೋಗುವುದಾದರೆ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಬೇಕೇ ಬೇಕು, ಬಾಡಿಗೆಯವರ ಅಂಗಳದಲ್ಲೇ ಒಮ್ಮೆ ಹಾಕಿ ನೋಡಿ ಹೊರಡಿ. ಚೈನ್ ಹಾಕಬೇಕಾದ್ದು ಎಂಜಿನ್ ತಿರುಗಿಸುವ ಚಕ್ರಗಳಿಗೆ: ಸ್ಪ್ರಿಂಟರ್ ಮಾದರಿಯ ವ್ಯಾನಾದರೆ ಸಾಮಾನ್ಯವಾಗಿ ಹಿಂದಿನವು, ಡುಕಾಟೊ ಮಾದರಿಯಾದರೆ ಮುಂದಿನವು. ಸಮತಟ್ಟಾದ ಜಾಗದಲ್ಲಿ, ರಸ್ತೆಯಿಂದ ಪೂರ್ತಿ ಹೊರಗೆ ನಿಂತು ಹಾಕಿ. ಕೊಂಡಿಯ ಚೂಪು ತುದಿ ಟೈರಿನ ಕಡೆಗಿರದೆ ಹೊರಗಿರಲಿ. ನೂರು ಮೀಟರ್ ಓಡಿಸಿ ನಿಲ್ಲಿಸಿ ಮತ್ತೆ ಬಿಗಿಯಿರಿ. ಹಾಗೆ ಮಾಡದಿದ್ದಾಗ ಸಡಿಲಾದ ಚೈನ್ ಚಕ್ರದ ಒಳಗಿನ ಬ್ರೇಕ್ ಪೈಪಿಗೆ ಬಡಿದು ಅದನ್ನೇ ಕತ್ತರಿಸುತ್ತದೆ. ವೇಗ 30-40 ಕಿ.ಮೀ. ಮೀರಬಾರದು, ಬರಿ ಡಾಂಬರು ಸಿಕ್ಕ ಕೂಡಲೇ ಬಿಚ್ಚಬೇಕು. ಸ್ಕೀ ಮೈದಾನಗಳ ಏರುದಾರಿಗೆ ಹೆಚ್ಚಿನ ಬಾಡಿಗೆ ಕರಾರುಗಳು ಚಳಿಗಾಲದಲ್ಲಿ ಅನುಮತಿ ಕೊಡುವುದಿಲ್ಲ. ಕೆಳಗಿನಿಂದ ಬಸ್ಸಿನಲ್ಲಿ ಹೋಗಿ.

ದ್ರಾಕ್ಷಿಸೀಮೆ

ತೋಟಗಾರರಾದ ನಿಮಗೆ ಸೆಂಟ್ರಲ್ ಒಟಾಗೊ ಮಾರ್ಲ್‌ಬರೋಗಿಂತ ಹೆಚ್ಚು ಹಿಡಿಸುತ್ತದೆ ಎಂದು ನನಗನಿಸುತ್ತದೆ. 45 ಡಿಗ್ರಿ ದಕ್ಷಿಣದ ಈ ಒಣ ಕಣಿವೆ ಪಿನೊ ನುವಾರ್ ಎಂಬ ಕಪ್ಪು ದ್ರಾಕ್ಷಿಗೆ ಹೆಸರುವಾಸಿ. 1862ರಲ್ಲಿ ಚಿನ್ನ ಸಿಕ್ಕಿತೆಂದು ಜನ ಮುತ್ತಿದ ಇಳಿಜಾರುಗಳಲ್ಲಿ ಈಗ ಬಳ್ಳಿ. ಇಲ್ಲಿನ ದೊಡ್ಡ ಶತ್ರು ಚಿಗುರು ಕಾಲದಲ್ಲಿ ಹೆಪ್ಪುಗಟ್ಟುವ ಇಬ್ಬನಿ. ಅದಕ್ಕೆ ಅವರು ಮಾಡುವ ಉಪಾಯವನ್ನು ನೋಡಿ ಬನ್ನಿ: ರಾತ್ರಿ ಉಷ್ಣತೆ ಸೊನ್ನೆಗಿಳಿಯುವಾಗ ಸ್ಪ್ರಿಂಕ್ಲರ್ ಹಾಕುತ್ತಾರೆ. ನಮ್ಮಲ್ಲಿ ಹೂ ಬರಿಸಲು ಹಾಕುವ ಅದೇ ಸ್ಪ್ರಿಂಕ್ಲರ್ ಅಲ್ಲಿ ಚಿಗುರು ಉಳಿಸುತ್ತದೆ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ 80 ಕ್ಯಾಲೊರಿ ಶಾಖ ಬಿಡುತ್ತದೆ. ನೀರು ಬೀಳುತ್ತಲೇ ಇರುವವರೆಗೆ ಮಂಜುಗಡ್ಡೆಯೊಳಗಿನ ಚಿಗುರು ಸೊನ್ನೆಯ ಸುತ್ತಲೇ ಇರುತ್ತದೆ, ಅದಕ್ಕಿಂತ ಕೆಳಗಿಳಿಯುವುದಿಲ್ಲ. ಬೆಳಗಾಗಿ ಮಂಜು ಕರಗುವ ಮೊದಲು ಪಂಪ್ ನಿಂತರೆ, ನೀರು ಆವಿಯಾಗುವಾಗ ಶಾಖ ಎಳೆದುಕೊಂಡು, ನೀರೇ ಹಾಕದ ತೋಟಕ್ಕಿಂತ ಹೆಚ್ಚು ಹಾನಿ. ನೀರಿಲ್ಲದ ಕಡೆ ಎತ್ತರದ ಗಾಳಿಯಂತ್ರಗಳು, ಹೆಲಿಕಾಪ್ಟರ್‌ಗಳು ಮೇಲಿನ ಬೆಚ್ಚಗಿನ ಗಾಳಿಯನ್ನು ಕೆಳಗೆ ತಳ್ಳುತ್ತವೆ. ವಸಂತದಲ್ಲಿ ಹೋಗುವವರು ತೋಟದ ಪಕ್ಕ ವ್ಯಾನ್ ನಿಲ್ಲಿಸಿದರೆ ಆ ಸದ್ದಿಗೆ ನಿದ್ದೆಯಿಲ್ಲ. ಕ್ರಾಮ್‌ವೆಲ್ ಪಕ್ಕದ ಬ್ಯಾನಕ್‌ಬರ್ನ್ ತೋಟಗಳಲ್ಲಿ ಪಿನೊ ಬಹುಮಟ್ಟಿಗೆ ಕೈಕುಯ್ಲು; ಏಪ್ರಿಲ್ ಮೊದಲ ವಾರ ಹೋದರೆ ಕಾಣಸಿಗುತ್ತದೆ.

ಮಾರ್ಲ್‌ಬರೋದ ಲೆಕ್ಕವೇ ಬೇರೆ. 1973ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಳ್ಳಿ ನೆಡಲು ಶುರುವಾದ ವೈರಾವು ಬಯಲು ಇಂದು ದೇಶದ ಬಹುಪಾಲು ವೈನ್ ಕೊಡುತ್ತದೆ, ಮುಖ್ಯವಾಗಿ ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯದು. ಕುಯ್ಲು ಯಂತ್ರದಿಂದ, ರಾತ್ರಿಯೂ ನಡೆಯುತ್ತದೆ. ಸಾಲಿನ ನಡುವೆ ಕೇಳದೆ ಇಳಿಯಬೇಡಿ.

ರುಚಿ ನೋಡಿ ಓಡಿಸುವ ಪ್ರಶ್ನೆಗೆ ಉತ್ತರ: ಬೇಡ. ಅಲ್ಲಿನ ಮಿತಿ ರಕ್ತದ 100 ಮಿ.ಲೀ.ಗೆ 50 ಮಿ.ಗ್ರಾಂ. ಒಂದು ರುಚಿ 30 ಮಿ.ಲೀ. ಎಂದುಕೊಂಡರೆ, 13 ಶೇಕಡಾ ವೈನಿನಲ್ಲಿ ಮೂರು ಗ್ರಾಂ ಆಲ್ಕೋಹಾಲ್. ಒಂದು ತೋಟದಲ್ಲಿ ಐದು ರುಚಿ, ಅಂಥ ಎರಡು ತೋಟ. ಮೂವತ್ತು ಗ್ರಾಂ ಆಯಿತು, ಅಂದರೆ ಮೂರು ಗ್ಲಾಸ್. ದೇಹ ಗಂಟೆಗೆ ಹೆಚ್ಚುಕಡಿಮೆ ಒಂದು ಗ್ಲಾಸಿನಷ್ಟನ್ನು ಕರಗಿಸುತ್ತದೆ, ಊಟ-ತಣ್ಣೀರು-ಕಾಫಿ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಎಲ್ಲರ ಜೀವ ನಿಮ್ಮ ಕೈಯಲ್ಲಿದೆ. ರೆನ್ವಿಕ್ ಆರಿಸಿದ್ದೇ ಇದಕ್ಕೆ: ವ್ಯಾನ್ ಅಲ್ಲೇ ನಿಲ್ಲಿಸಿ, ಇಡೀ ದಿನ ಪ್ರವಾಸದ ವಾಹನದಲ್ಲಿ ನಾಲ್ಕೈದು ತೋಟ ನೋಡಬಹುದು. ರುಚಿ ನೋಡಿ ಉಗುಳುವ ಪಾತ್ರೆ ಎಲ್ಲ ಕಡೆ ಇಟ್ಟಿರುತ್ತಾರೆ, ಬಳಸಲು ಸಂಕೋಚ ಬೇಡ. ಊರಿಗೆ ತರುವುದಾದರೆ ಸುಂಕವಿಲ್ಲದೆ ದೊಡ್ಡವರೊಬ್ಬರಿಗೆ ಎರಡು ಲೀಟರ್.

ಹೊರಡುವ ಮುನ್ನ

ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದಲ್ಲಿ ತೋಟಗಾರರನ್ನು ನಿಲ್ಲಿಸುವುದು ಬೂಟಿನ ಮಣ್ಣು. ತೋಟದಲ್ಲಿ ಹಾಕಿದ ಬೂಟು ಒಯ್ಯಲೇಬೇಡಿ. ಒಯ್ದರೆ ಅಂಗಾಲಿನ ಸಂದು ಸಮೇತ ಬ್ರಷ್ ಹಾಕಿ ತೊಳೆದು ಒಣಗಿಸಿ, ಪ್ರವೇಶ ಪತ್ರದಲ್ಲಿ ಘೋಷಿಸಿ. ಜೇನುತುಪ್ಪ, ಹಸಿ ಕರಿಬೇವು, ತೆಂಗಿನಕಾಯಿ, ಬಿತ್ತುವ ಬೀಜ, ಮನೆಯ ತುಪ್ಪ ಬೇಡ. ನಿಮ್ಮ ತೋಟದ ಹುರಿದು ಪುಡಿ ಮಾಡಿದ ಕಾಫಿಗೆ ತೊಂದರೆಯಿಲ್ಲ, ಸೀಲ್ ಮಾಡಿದ ಪೊಟ್ಟಣದಲ್ಲಿಟ್ಟು ಅದನ್ನೂ ಘೋಷಿಸಿ. ಹುರಿಯದ ಬೀಜ ಬೇಡ. ತಿನ್ನುವ ಪದಾರ್ಥ ಏನಿದ್ದರೂ ಹೇಳಿದವರಿಗೆ ದಂಡವಿಲ್ಲ, ಹೆಚ್ಚೆಂದರೆ ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್. ಅಕ್ಕಿ, ಬೇಳೆ, ಮೊಸರು ಕ್ರೈಸ್ಟ್‌ಚರ್ಚಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ.

ಅಮ್ಮನ ಔಷಧಿಯನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಇಂಗ್ಲಿಷ್ ಚೀಟಿಯ ಜೊತೆ, ಮೂರು ತಿಂಗಳಿಗೆ ಮೀರದಷ್ಟು ಒಯ್ಯಿರಿ. ಭಾರತದ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಬೇಕು; ಅದು ಕೈಗೆ ಬಂದ ಮೇಲೆ ವಿಮಾನದ ಟಿಕೆಟ್, ಆಮೇಲೆ ವ್ಯಾನ್, ಆಮೇಲೆ ಗ್ಲೆಂಟ್ಯಾನರ್ ಮತ್ತು ರೆನ್ವಿಕ್ ಜಾಗ. ಆಸ್ಟ್ರೇಲಿಯಾ ಮೂಲಕ ಹೋಗುವ ಅಗ್ಗದ ಟಿಕೆಟ್ ಕಂಡರೆ ಅಲ್ಲಿನ ಟ್ರಾನ್ಸಿಟ್ ವೀಸಾ ಕೂಡ ಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಯೇ ತೀರ್ಮಾನಿಸಿ.